ನೀರಿಗೂ ಒಂದು ಜೋಳಿಗೆ ಬೇಕು

ತುಂಗಭದ್ರಾ ಎಡದಂಡೆ ಕಾಲುವೆಗೆ ಮೊದಲ ಸಲ ನೀರು ಹರಿದದ್ದು 1953ರಲ್ಲಿ. ಅಂದರೆ ಎಪ್ಪತ್ತು ವರ್ಷ ಮೀರಿತು. ಇಷ್ಟು ವರ್ಷ ನೀರುಂಡ ನೆಲ ಹೇಗಿರಬೇಕಿತ್ತು? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಒಣಬೇಸಾಯದ ಲಿಂಗಸುಗೂರು ಇತ್ತು. ಅದು ಯಾರಿಗೂ ಆಶ್ಚರ್ಯ ತರಲಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಭತ್ತದ ಕಣಜವೆಂದು ನಾವೆಲ್ಲ ಹೆಮ್ಮೆಯಿಂದ ಹೇಳುವ ಸಿಂಧನೂರೂ ಇತ್ತು. ನೀರಿಲ್ಲದ ತಾಲ್ಲೂಕು ಹಿಂದುಳಿದದ್ದಕ್ಕೆ ಕಾರಣ ಕೇಳಬೇಕಿಲ್ಲ, ನೀರಿದ್ದ ತಾಲ್ಲೂಕು ಯಾಕೆ ಹಿಂದುಳಿಯಿತು?

ಈ ಪ್ರಶ್ನೆಗೆ ಸಭೆಗಳಲ್ಲಿ ಸಿಗುವ ಉತ್ತರಗಳು ಮೂರು. ಜಲಾಶಯದಲ್ಲಿ ಹೂಳು ತುಂಬಿದೆ. ಸರ್ಕಾರ ಅನುದಾನ ಕೊಡುವುದಿಲ್ಲ. ಇಲಾಖೆಯವರು ಕೆಲಸ ಮಾಡುವುದಿಲ್ಲ. ಮೂರರಲ್ಲೂ ಸತ್ಯವಿದೆ. ನಾನು ನೀರಾವರಿ ಕೆಲಸದಲ್ಲೇ ಆಯುಷ್ಯ ಕಳೆದ ಸರ್ಕಾರಿ ಇಂಜಿನಿಯರ್, ಆದ್ದರಿಂದ ಮೂರನೆಯದನ್ನು ಅಲ್ಲಗಳೆಯಲು ಬಾಯಿ ಬರುವುದಿಲ್ಲ. ಆದರೆ ನಾಲ್ಕನೆಯ ಉತ್ತರವೊಂದಿದೆ. ಅದನ್ನು ವೇದಿಕೆಯ ಮೇಲೆ ಯಾರೂ ಆಡುವುದಿಲ್ಲ. ಯಾಕೆಂದರೆ ಅದನ್ನು ಆಡಿದರೆ ಮುಂದಿನ ಸಾಲಿನಲ್ಲಿ ವಿಭೂತಿ ಧರಿಸಿ ಕುಳಿತ ನಮ್ಮವರೇ ಮುಖ ತಿರುಗಿಸುತ್ತಾರೆ.

ಮೊದಲು ಹೂಳಿನ ಮಾತು ಮುಗಿಸೋಣ. ಆಣೆಕಟ್ಟು ಕಟ್ಟಿದಾಗ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ. 2016ರ ಸಮೀಕ್ಷೆಯಲ್ಲಿ ಉಳಿದದ್ದು 105.79 ಟಿಎಂಸಿ. ಸುಮಾರು 27 ಟಿಎಂಸಿ ಜಾಗವನ್ನು ಮಣ್ಣು ನುಂಗಿದೆ. ಒಂದು ಟಿಎಂಸಿ ಎಂದರೆ ಸುಮಾರು 23,000 ಎಕರೆ ಹೊಲದ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು. ಹಾಗಾದರೆ ಹೂಳು ನುಂಗಿದ ಜಾಗದ ನೀರು ಆರು ಲಕ್ಷ ಎಕರೆಗೆ ಒಂದು ಅಡಿ. ಎಡದಂಡೆಯ ಅಚ್ಚುಕಟ್ಟು ಹೆಚ್ಚುಕಡಿಮೆ ಅಷ್ಟೇ ಇದೆ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಇದು ಅಷ್ಟು ಕಾಣುವುದಿಲ್ಲ. ಹೊಳೆ ನಿಂತ ಮೇಲೆ, ಎರಡನೆಯ ಬೆಳೆಯ ಹೊತ್ತಿಗೆ, ಪೆಟ್ಟು ಬೀಳುತ್ತದೆ. ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ, ಆಗಲಿ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದದ್ದನ್ನು ಈ ಭಾಗದ ಒಬ್ಬ ರೈತನೂ ಮರೆತಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ ಕೆಲಸಗಾರರಿಗೆ ನಾನು ದೂರದಿಂದಲೇ ಶರಣು ಮಾಡಿದೆ. ಆದರೆ ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳನ್ನು ನಂಬಲಾಗದೆ 80 ಟಿಎಂಸಿಗಿಂತ ಹೆಚ್ಚು ನೀರು ನಿಲ್ಲಿಸಲಿಲ್ಲ. ಎಪ್ಪತ್ತು ವರ್ಷದ ಕಬ್ಬಿಣ ಎಷ್ಟು ದಿನ ತಾಳೀತು? ಇದು ನೋಡಿಕೊಳ್ಳಬೇಕಾದವರು ನೋಡಿಕೊಳ್ಳದೆ ಬಂದ ಸಂಕಟ, ಅದರಲ್ಲಿ ಎರಡು ಮಾತಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಹೂಳಿನ ಬಗ್ಗೆ ಭಾಷಣ ಮಾಡುವುದು ಎಲ್ಲರಿಗೂ ಇಷ್ಟ, ಏಕೆಂದರೆ ಹೂಳಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಹೆಸರಿಲ್ಲ. ಜಲಾಶಯ ತುಂಬಿ ತುಳುಕಿದ ವರ್ಷಗಳಲ್ಲೂ ಕೊನೆಭಾಗದ ಉಪಕಾಲುವೆಗಳಿಗೆ ನೀರು ಮುಟ್ಟಿಲ್ಲ. ಅದಕ್ಕೆ ಹೂಳು ಕಾರಣವಲ್ಲ.

ಈ ಕಾಲುವೆಯನ್ನು ಯಾತಕ್ಕಾಗಿ ತೋಡಿದರು ಎಂಬುದನ್ನು ಹೊಸ ತಲೆಮಾರು ಮರೆತಿದೆ. 1945ರ ಫೆಬ್ರವರಿ 28ರಂದು ಅಡಿಗಲ್ಲು ಇಟ್ಟಾಗ ಒಂದು ದಂಡೆ ಮದ್ರಾಸ್ ಪ್ರಾಂತದ್ದು, ನಮ್ಮ ದಂಡೆ ಹೈದರಾಬಾದ್ ನಿಜಾಮರ ಸಂಸ್ಥಾನದ್ದು. ಉದ್ದೇಶ ಬರ ತಡೆಯುವುದು. ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚಿ, ಮಳೆ ಕೈಕೊಟ್ಟಾಗ ಜೋಳ, ಹತ್ತಿ, ಕಡಲೆ ಒಣಗದಂತೆ ಕಾಯುವುದು. ಅದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಊರೂರಿಗೆ ಗೊತ್ತುಮಾಡಿದರು. ಇಲಾಖೆಯಲ್ಲಿ ಅದನ್ನು ಲೋಕಲೈಸೇಷನ್ ಎನ್ನುತ್ತಿದ್ದೆವು. ಭತ್ತಕ್ಕೆ ಕೊಟ್ಟ ನೆಲ ಬಹಳ ಕಡಿಮೆ. ಹೆಚ್ಚಿನದೆಲ್ಲ ಲಘು ನೀರಾವರಿ.

ಲೆಕ್ಕ ಸರಳವಾಗಿದೆ, ಶಾಲೆ ಕಲಿತ ಯಾವ ಹುಡುಗನೂ ಮಾಡಬಹುದು. ಬಚಾವತ್ ನ್ಯಾಯಮಂಡಳಿ ಎಡದಂಡೆಗೆ ಇಟ್ಟದ್ದು 92 ಟಿಎಂಸಿ. ಅದನ್ನು ಆರು ಲಕ್ಷ ಎಕರೆಗೆ ಹಂಚಿದರೆ ಎಕರೆಗೆ ಮೂರೂವರೆ ಅಡಿ. ಮುನಿರಾಬಾದಿನಿಂದ ಹೊರಟ ಮುಖ್ಯ ಕಾಲುವೆಯೇ 227 ಕಿಲೋಮೀಟರ್ ಉದ್ದ, ಅದರ ಮೇಲೆ ಉಪಕಾಲುವೆ, ಹೊಲಗಾಲುವೆ. ಸೋರಿ, ಇಂಗಿ, ಆವಿಯಾಗಿ ಅರ್ಧ ಹೋಯಿತೆಂದು ಇಟ್ಟುಕೊಳ್ಳಿ. ಹೊಲಕ್ಕೆ ಮುಟ್ಟುವುದು ಒಂದೂಮುಕ್ಕಾಲು ಅಡಿ. ಮಳೆಯ ಜೊತೆಗೆ ಇಷ್ಟು ಸಿಕ್ಕರೆ ಜೋಳ, ತೊಗರಿ, ಹತ್ತಿ ಸೊಗಸಾಗಿ ಬರುತ್ತವೆ. ಭತ್ತಕ್ಕೆ ಒಂದು ಬೆಳೆಗೆ ನಾಲ್ಕೈದು ಅಡಿ ಬೇಕು. ಮಳೆಯ ಪಾಲನ್ನು ಉದಾರವಾಗಿ ಕಳೆದರೂ ಮುಂಗಾರಿನ ಭತ್ತ ಮೂರೂವರೆ ಅಡಿ ಕಾಲುವೆ ನೀರು ಕೇಳುತ್ತದೆ, ಬೇಸಿಗೆಯ ಭತ್ತ ಪೂರ್ತಿ ಐದು ಅಡಿ. ಅಂದರೆ ಮುಂಗಾರಿನಲ್ಲಿ ಒಂದು ಎಕರೆ ಭತ್ತ ಹಚ್ಚಿದವನು ಎರಡು ಎಕರೆಯ ಪಾಲು ತೆಗೆದುಕೊಂಡ. ಎರಡು ಬೆಳೆ ಭತ್ತ ಬೆಳೆದವನು ಹತ್ತಿರ ಹತ್ತಿರ ಐದು ಎಕರೆಯ ಪಾಲು ತೆಗೆದುಕೊಂಡ. ಉಳಿದ ನಾಲ್ಕು ಎಕರೆ ಯಾರದ್ದು? ಅದು ಎಲ್ಲಿಯೋ ಕೆಳಗೆ, ಸಿಂಧನೂರಿನ ಆಚೆ, ಮಾನ್ವಿ, ಸಿರವಾರ, ರಾಯಚೂರಿನ ಕಡೆ ಇದೆ. ಅವನ ಹೆಸರು ಅಚ್ಚುಕಟ್ಟಿನ ರಿಜಿಸ್ಟರಿನಲ್ಲಿದೆ, ಹೊಲ ಬೀಳು ಬಿದ್ದಿದೆ.

ಇದರ ಮೇಲೆ ಅಚ್ಚುಕಟ್ಟಿಗೇ ಸೇರದ ನೆಲದವರು ಕಾಲುವೆಯ ದಂಡೆಗೆ ಪಂಪು ಕೂರಿಸಿ ಮೈಲುಗಟ್ಟಲೆ ಪೈಪು ಎಳೆದಿರುವುದು ಬೇರೆ. ಪ್ರತಿ ವರ್ಷ ನೀರು ಬಿಟ್ಟಾಗ ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ, ಪೊಲೀಸ್ ಕಾವಲು. 69ನೆಯ ಮೈಲಿನಲ್ಲಿ ಎಷ್ಟು ಅಡಿ ಗೇಜ್, 104ನೆಯ ಮೈಲಿನಲ್ಲಿ ಎಷ್ಟು ಅಡಿ ಎಂದು ಪತ್ರಿಕೆಗಳಲ್ಲಿ ದಿನವೂ ಸುದ್ದಿ. ಬೇರೆ ದೇಶಗಳಲ್ಲಿ ಗಡಿ ಕಾಯಲು ಪೊಲೀಸರಿರುತ್ತಾರೆ, ನಮ್ಮಲ್ಲಿ ಅಣ್ಣನ ಹೊಲದಿಂದ ತಮ್ಮನ ಹೊಲಕ್ಕೆ ಹೋಗುವ ನೀರು ಕಾಯಲು.

ಇಲ್ಲಿ ಒಂದು ಸುಲಭದ ಮಾತಿದೆ: ಆಂಧ್ರದಿಂದ ಬಂದ ಕ್ಯಾಂಪಿನವರೇ ಭತ್ತ ತಂದರು, ಅವರೇ ಎಲ್ಲ ಕೆಡಿಸಿದರು. ತಂದದ್ದು ನಿಜ. ಕೃಷ್ಣಾ, ಗೋದಾವರಿ ಮುಖಜಭೂಮಿಯಿಂದ ಬಂದವರು ಅಗ್ಗದ ದರಕ್ಕೆ ಎರೆ ಹೊಲ ಕೊಂಡು, ಮಡಿ ಮಾಡಿ, ರಾತ್ರಿ ಹಗಲು ದುಡಿದರು. ಅವರ ದುಡಿಮೆಯನ್ನು ಕಾಯಕವೆನ್ನಲು ನನಗೆ ಸಂಕೋಚವಿಲ್ಲ. ಆದರೆ ಆ ಹೊಲಗಳನ್ನು ಮಾರಿದವರು ಯಾರು? ಆಮೇಲೆ ಅವರನ್ನು ನೋಡಿ ತಾವೂ ಭತ್ತ ಹಚ್ಚಿದವರು ಯಾರು? ಇವತ್ತು ಮೇಲ್ಭಾಗದ ಉಪಕಾಲುವೆಗಳ ಮೇಲೆ ನಡೆದು ಹೋಗಿ ಪಹಣಿ ತೆಗೆಸಿ ನೋಡಿದರೆ ನಮ್ಮ ಹೆಸರುಗಳೇ ಸಾಲಾಗಿ ಬರುತ್ತವೆ. ಲೀಜಿಗೆ ಕೊಟ್ಟು ಸಿಂಧನೂರಿನಲ್ಲಿ ಮನೆ ಕಟ್ಟಿದವರೂ ನಮ್ಮವರೇ.

ಹಾಗಂತ ಭತ್ತದ ರೈತನನ್ನು ಬರೀ ದುರಾಸೆಯವನೆಂದು ಬಯ್ಯುವುದು ಅನ್ಯಾಯ. ಅವನನ್ನು ಭತ್ತಕ್ಕೆ ಕಟ್ಟಿಹಾಕಿದ ಹಗ್ಗಗಳು ಬೇರೆ ಇವೆ, ಮತ್ತು ಕೃಷಿ ಬೆಳೆಯದಂತೆ ತಡೆದಿರುವ ನಿಜವಾದ ಗಂಟು ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಮೇಲಿನ ಹೊಲದವನು ಮಡಿ ಕಟ್ಟಿ ನೀರು ನಿಲ್ಲಿಸಿದರೆ ಆ ನೀರು ಎರೆ ಮಣ್ಣಿನಲ್ಲಿ ಬಸಿದು ಕೆಳಗಿನ ಹೊಲಕ್ಕೆ ಬರುತ್ತದೆ. ಅಲ್ಲಿ ಹಾಕಿದ ಹತ್ತಿಯ ಬೇರು ಕೊಳೆಯುತ್ತದೆ, ಜೋಳ ಹಳದಿಯಾಗುತ್ತದೆ. ಎರಡು ವರ್ಷ ಕಳೆದುಕೊಂಡ ಮೇಲೆ ಅವನೂ ಭತ್ತ ಹಚ್ಚುತ್ತಾನೆ. ಬಸಿಗಾಲುವೆ ಸರಿ ಇಲ್ಲದ ಕಡೆ ಒಬ್ಬನ ಭತ್ತ ಹೀಗೆ ಓಣಿಯೆಲ್ಲ ಹರಡುತ್ತದೆ. ಇನ್ನು ದುಡ್ಡಿನ ಹಗ್ಗ. ದಲಾಲಿ ಅಂಗಡಿಯವನು ಬೀಜ, ಗೊಬ್ಬರ, ಎಣ್ಣೆಗೆ ಮುಂಗಡ ಕೊಡುವುದು ಭತ್ತಕ್ಕೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ಲುಗಳು ಕಣದಿಂದಲೇ ಭತ್ತ ಎತ್ತುತ್ತವೆ. ಜೋಳ ಬೆಳೆದವನು ಬೆಂಬಲ ಬೆಲೆಯ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ನಿಲ್ಲಬೇಕು, ಕೇಂದ್ರ ತೆರೆಯುವ ಹೊತ್ತಿಗೆ ಅವನ ಜೋಳ ವ್ಯಾಪಾರಿಯ ಗೋದಾಮು ಸೇರಿರುತ್ತದೆ.

ಕೊನೆಗೆ ನೆಲವೇ ಮುನಿಯುತ್ತದೆ. ಸವಳು-ಜವಳು ಎಂಬ ಜೋಡಿ ಮಾತನ್ನು ನಮ್ಮ ಹಿರಿಯರು ಇಷ್ಟು ಬಳಸಿರಲಿಲ್ಲ. ಈಗ ಅಚ್ಚುಕಟ್ಟಿನ ಪ್ರತಿ ಊರಿನಲ್ಲೂ ಬಿಳಿ ಪೊರೆ ಕಟ್ಟಿದ ಹೊಲಗಳಿವೆ. ಕೆಳಗಿನ ಉಪ್ಪು ನೀರಿನೊಂದಿಗೆ ಮೇಲಕ್ಕೇರಿ, ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಜಿಪ್ಸಂ ಹಾಕುವುದನ್ನು, ನೆಲದೊಳಗೆ ರಂಧ್ರವಿರುವ ಪೈಪು ಹೂತು ಬಸಿಯುವಂತೆ ಮಾಡುವುದನ್ನು ವರ್ಷಗಳಿಂದ ಮಾಡಿ ತೋರಿಸುತ್ತಿದ್ದಾರೆ. ಉಪಾಯ ಗೊತ್ತಿದೆ. ಆದರೆ ಮೇಲಿನಿಂದ ನೀರು ಬಸಿಯುತ್ತಲೇ ಇದ್ದರೆ ಕೆಳಗೆ ಹೂತ ಪೈಪು ಎಷ್ಟೆಂದು ಬಸಿಯಬೇಕು!

ಇನ್ನು ನಮ್ಮ ಹಟ್ಟಿಯ ಕಡೆ ಬನ್ನಿ. ಇಲ್ಲಿ ನೆಲದ ಕೆಳಗೆ ಚಿನ್ನ ಇದೆ. ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹೇಳಿ ಕೇಳಿ ಬರುವುದಿಲ್ಲ. ಗಣಿಗೂ ಊರಿಗೂ ಕೃಷ್ಣಾ ನದಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಸುತ್ತಲಿನ ಹೊಲಗಳಿಗೆ ತೊಗರಿ, ಸಜ್ಜೆ, ಸೂರ್ಯಕಾಂತಿ, ಮೋಡದ ದಯೆ. ಗಣಿಯಲ್ಲಿ ನೌಕರಿ ಸಿಕ್ಕವರ ಮನೆ ನಡೆಯುತ್ತದೆ, ಸಿಗದವರು ದೀಪಾವಳಿ ಮುಗಿಯುತ್ತಲೇ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಲಿಂಗಸುಗೂರು, ಮಸ್ಕಿ ಕಡೆಯ ಮಾತು ಕೇಳಿಸುತ್ತದೆ. ನಮ್ಮ ಊರುಗಳ ಹೆಣ್ಣುಮಕ್ಕಳು ಟಂಟಂ ತುಂಬಿಕೊಂಡು ನಸುಕಿನಲ್ಲೇ ನೀರಾವರಿ ಕಡೆ ಭತ್ತದ ನಾಟಿಗೆ ಹೋಗುತ್ತಾರೆ. ಬೇರೆಯವರ ಕೆಸರಿನಲ್ಲಿ ದಿನವಿಡೀ ನಿಂತು, ಸಂಜೆ ಕುಡಿಯುವ ನೀರಿಗೂ ಸರದಿ ಇರುವ ಊರಿಗೆ ಮರಳುತ್ತಾರೆ.

ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತದ್ದು ಈ ಕಾರಣಕ್ಕೆ. 2021ರ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲ ಪಕ್ಷದವರ ಬಾಯಲ್ಲೂ 5ಎ ಇತ್ತು. ಆ ರೈತರ ಬೇಡಿಕೆ ನ್ಯಾಯವಾದದ್ದು, ನಾನು ಅವರ ಪರ. ಆ ಜಲಾಶಯಕ್ಕೆ ಇರುವ ಹೆಸರು ಬಸವಸಾಗರ ಎಂಬುದನ್ನೂ ನೆನಪಿಡಿ. ಆದರೆ ಅವರನ್ನು ಒಂದು ಮಾತು ಕೇಳುತ್ತೇನೆ. ನಾಳೆ ನೀರು ಬಂತು, ಮೊದಲ ತೂಬಿನವನು ಭತ್ತ ಹಚ್ಚಿದ, ಆಗ ಏನು ಮಾಡುತ್ತೀರಿ? ಎಡದಂಡೆಯ ಕೊನೆಭಾಗದವರು ಇವತ್ತು ಅನುಭವಿಸುವುದನ್ನು ನಿಮ್ಮ ಕೊನೆಭಾಗದವರು ಇಪ್ಪತ್ತು ವರ್ಷದ ಮೇಲೆ ಅನುಭವಿಸಬೇಕೆ? ಹಂಚುವ ಕಟ್ಟಳೆಯನ್ನು ಕಾಲುವೆ ತೋಡುವ ಮೊದಲೇ ಊರು ಕೂಡಿ ಬರೆದಿಡಬೇಕು. ಕಾಂಕ್ರೀಟು ಹಾಕಿದ ಮೇಲೆ ಅದು ಆಗುವುದಿಲ್ಲ.

ಇಲ್ಲಿಗೆ ಮಠದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ಹಟ್ಟಿಗೆ ಹತ್ತಿರದಲ್ಲೇ ಗುರುಗುಂಟಾ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋದದ್ದು ಈ ಊರಿನಿಂದ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಒಲೆಗೆ ಹಾಕಲಿಲ್ಲ. ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಪ್ರತಿ ಶರಣ ಸಂಗಮದಲ್ಲಿ ಹೇಳುತ್ತೇವೆ, ಕೇಳಿ ತಲೆದೂಗುತ್ತೇವೆ. ಆ ತಾಯಿಯ ಊರಿನ ಸುತ್ತ ಇವತ್ತು ಅಕ್ಕಿಯ ಮೇಲೇ ಈ ಎಲ್ಲ ಜಗಳ ನಡೆದಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲವೇ?

ಸುಗ್ಗಿ ಮುಗಿದ ಮೇಲೆ ನಮ್ಮ ಮಠಗಳಿಗೆ ಭತ್ತದ ಚೀಲ, ಅಕ್ಕಿಯ ಚೀಲ ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಜಾತ್ರೆಯಲ್ಲಿ ಕೊಟ್ಟವರಿಗೆ ಶಾಲು ಹೊದಿಸಿ ಹಾರ ಹಾಕುತ್ತೇವೆ. ಕೊಡುವವರ ಭಕ್ತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಶರಣರ ಮಾತು ನೇರವಾಗಿದೆ: ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ. ರಾತ್ರಿ ತೂಬು ಒಡೆದು, ಗ್ಯಾಂಗ್‌ಮನ್‌ನ ಕೈಗೆ ನೋಟು ಇಟ್ಟು, ಕೆಳಗಿನವನ ಸರದಿಯ ನೀರಿನಲ್ಲಿ ಬೆಳೆದ ಭತ್ತ ಯಾವ ಲೆಕ್ಕಕ್ಕೆ ಸೇರುತ್ತದೆ? ಕೊನೆಭಾಗದ ಹೊಲ ಒಣಗಿದವನೂ ಅದೇ ಪಂಕ್ತಿಯಲ್ಲಿ ಕುಳಿತು ಅದೇ ಅನ್ನ ಉಣ್ಣುತ್ತಾನೆ. ತನ್ನ ನೀರನ್ನೇ ಅವನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಿದ್ದಾನೆ. ಪೂಜ್ಯರು ಈ ಮಾತನ್ನು ಕ್ಷಮಿಸಬೇಕು, ಆದರೆ ಯೋಚಿಸಲೂಬೇಕು.

ಮಠಗಳು ಇಂಥ ಕೆಲಸ ಮಾಡಬಲ್ಲವು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಕುಡಿತ, ಬೀಡಿ, ತಂಬಾಕು ಬೇಡಿದರು. ಧಾನ್ಯ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಅಬಕಾರಿ ಇಲಾಖೆ, ಪೊಲೀಸರು ಮಾಡಲಾಗದ್ದನ್ನು ಆ ಜೋಳಿಗೆ ಎಷ್ಟೋ ಮನೆಗಳಲ್ಲಿ ಮಾಡಿತು. ಕೊಪ್ಪಳದ ಗವಿಮಠದ ಪೂಜ್ಯರು 2019ರಲ್ಲಿ ಹಿರೇಹಳ್ಳಕ್ಕೆ ತಾವೇ ಇಳಿದು ಹೂಳು, ಕಸ ತೆಗೆಸಿದಾಗ ಜೆಸಿಬಿಗಳು ಕರೆಯದೆಯೇ ಬಂದವು. ಅದೇ ಗವಿಮಠದ ಜಾತ್ರೆಗೆ ಊರೂರಿನಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ದಾಸೋಹ ರೊಟ್ಟಿಯಿಂದಲೂ ನಡೆಯುತ್ತದೆ.

ನಾನು ಕೇಳುವುದು ಇಂಥದೊಂದು ಜೋಳಿಗೆ. ನೀರು ಬಿಡುವ ಮುನ್ನ, ನೀರಾವರಿ ಸಲಹಾ ಸಮಿತಿಯ ಸಭೆಗೂ ಮೊದಲು, ಪೂಜ್ಯರು ಮೇಲ್ಭಾಗದ ಊರುಗಳಿಗೆ ಹೋಗಲಿ. ಪೂರ್ತಿ ಭತ್ತ ಬಿಡಿ ಎಂದು ಯಾರೂ ಹೇಳುವುದು ಬೇಡ, ಹೇಳಿದರೆ ನಡೆಯುವುದೂ ಇಲ್ಲ. ಹತ್ತು ಎಕರೆ ಭತ್ತ ಹಚ್ಚುವವನ ಹತ್ತಿರ ಎರಡು ಎಕರೆ ಬೇಡಲಿ. ಆ ಎರಡು ಎಕರೆಯಲ್ಲಿ ಜೋಳವೋ ಕಡಲೆಯೋ ಹಾಕಲಿ. ಒಬ್ಬೊಬ್ಬನಿಂದ ಬೇಡಿದರೆ ಬಸಿನೀರಿನ ಕಾರಣದಿಂದ ಪ್ರಯೋಜನವಿಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಕೂಡಿ ಒಂದೇ ಪಟ್ಟಿಯನ್ನು ಬಿಡಬೇಕು. ಹಾಗೆ ಬೆಳೆದ ಜೋಳವನ್ನು ಮಠಗಳು, ಮಠದ ಪ್ರಸಾದ ನಿಲಯಗಳು ಕಣದಲ್ಲೇ ನಗದು ಕೊಟ್ಟು ಕೊಳ್ಳಲಿ. ಒಂದು ಮಠದ ವಿದ್ಯಾರ್ಥಿ ನಿಲಯಕ್ಕೆ ವರ್ಷಕ್ಕೆ ಬೇಕಾಗುವ ಧಾನ್ಯ ಕಡಿಮೆಯೇನಲ್ಲ. ಜೊತೆಗೆ ರಾತ್ರಿ ತೂಬು ಮುಟ್ಟುವುದಿಲ್ಲ ಎಂಬ ಮಾತು. ಅದನ್ನು ಇಷ್ಟಲಿಂಗ ಕೈಯಲ್ಲಿ ಹಿಡಿದು ಹೇಳಲಿ. ಕೋರ್ಟಿನ ಅಫಿಡವಿಟ್ಟಿಗಿಂತ ಅದು ನಮ್ಮವರಿಗೆ ಭಾರ.

ಮಠಕ್ಕೆ ಈ ರಾಜಕೀಯ ಯಾಕೆ ಎನ್ನುವವರು ಇದ್ದಾರೆ. ನೀರು ಬಳಕೆದಾರರ ಸಹಕಾರ ಸಂಘಗಳು ಇಲ್ಲವೇ ಎಂದೂ ಕೇಳುತ್ತಾರೆ. ಇವೆ. 2000ದ ಕಾನೂನು ತಿದ್ದುಪಡಿಯ ನಂತರ ಊರೂರಿಗೆ ನೋಂದಣಿಯಾದವು. ಕೆಲವು ಒಳ್ಳೆಯ ಕೆಲಸ ಮಾಡಿವೆ, ಬಹಳಷ್ಟು ಬೋರ್ಡಿನ ಮೇಲೆ ಉಳಿದಿವೆ. ಸಂಘದ ಅಧ್ಯಕ್ಷನಿಗೆ ಮೇಲ್ಭಾಗದ ಗೌಡರ ಮುಂದೆ ಮಾತಾಡುವ ಧೈರ್ಯ ಇರುವುದಿಲ್ಲ, ಮೇಲ್ಭಾಗದವರೂ ಕೊನೆಭಾಗದವರೂ ಒಂದೇ ಸಂಘದಲ್ಲಿ ಇರುವುದಿಲ್ಲ. ಇಬ್ಬರೂ ಒಟ್ಟಿಗೆ ಬಂದು ಕೂಡುವ ಜಾಗ ಈ ಭಾಗದಲ್ಲಿ ಎರಡೇ. ಒಂದು ಮಠ, ಇನ್ನೊಂದು ಎಪಿಎಂಸಿ. ಎಪಿಎಂಸಿಯಲ್ಲಿ ನ್ಯಾಯ ಹೇಳುವವರು ಸಿಗುವುದಿಲ್ಲ. ಕ್ಯಾಂಪಿನವರು, ದಲಿತ ರೈತರು, ಮುಸ್ಲಿಂ ರೈತರು ಮಠಕ್ಕೆ ಬರುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕರೆದರೆ ಬರುತ್ತಾರೆ. ಅನುಭವ ಮಂಟಪಕ್ಕೆ ಯಾರು ಯಾರು ಬಂದಿದ್ದರು ಎಂದು ನಮಗೆ ಗೊತ್ತಿದೆ. ಆ ಸಭೆಗೆ ಒಕ್ಕಲಿಗ ಮುದ್ದಣ್ಣನವರ ಹೆಸರನ್ನೇ ಇಡಬಹುದು.

ಒಂದು ಉಪಕಾಲುವೆಯಿಂದ ಶುರುವಾಗಲಿ, ಇಡೀ ಎಡದಂಡೆ ಬೇಡ. ಆ ಉಪಕಾಲುವೆಯ ತಲೆಯಲ್ಲಿ ಒಂದು, ನಡುವೆ ಒಂದು, ಕೊನೆಯಲ್ಲಿ ಒಂದು ಗೇಜ್ ಪಟ್ಟಿ ಬಣ್ಣ ಹಚ್ಚಿ ನಿಲ್ಲಿಸಬೇಕು. ದಿನ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಮೂರೂ ಅಳತೆ ಬರೆದು ಮಠದ ಬಾಗಿಲ ಕರಿಹಲಗೆಯ ಮೇಲೆ ಹಾಕಬೇಕು. ಓದುವವರು ಮಠದ ಶಾಲೆಯ ಹುಡುಗರೇ ಆಗಲಿ, ಪ್ರತಿ ಪಟ್ಟಿಯ ಹತ್ತಿರ ಮೇಲ್ಭಾಗದವನೊಬ್ಬ, ಕೊನೆಭಾಗದವನೊಬ್ಬ ಇರಲಿ. ಗೇಜಿನ ಅಡಿಯಿಂದ ಕ್ಯೂಸೆಕ್ ಲೆಕ್ಕ ಹಾಕುವುದನ್ನು ಕಲಿಸಲು ನಮ್ಮಂಥ ನಿವೃತ್ತರು ಲಿಂಗಸುಗೂರು, ಸಿಂಧನೂರಿನಲ್ಲಿ ಹತ್ತಾರು ಮಂದಿ ಮನೆಯಲ್ಲಿ ಪೇಪರು ಓದುತ್ತ ಕುಳಿತಿದ್ದೇವೆ. ಒಂದು ಬೆಳಗಿನ ಪಾಠ ಸಾಕು. ಯಾವ ಮಠದವರು ಮೊದಲು ಹೇಳಿ ಕಳಿಸಿದರೂ ಅಳತೆ ಪಟ್ಟಿ ಹಿಡಿದು ಹಟ್ಟಿಯಿಂದ ಮೊದಲ ಬಸ್ಸಿಗೆ ಬರುತ್ತೇನೆ.